ನಾನು ತೊಳೆದು ಕೆಡಿಸಿದ ಉರುಳಿ

ಹೋದ ಶ್ರಾವಣದಲ್ಲಿ ನನ್ನ ಮಗ ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟಿನ ಗೃಹಪ್ರವೇಶ ಮಾಡಿದ. ಒಂಬತ್ತನೇ ಮಹಡಿ. "ದೀಪಾವಳಿ ಮುಗಿಯೋವರೆಗೂ ಇಲ್ಲೇ ಇರಿ ಅಪ್ಪ" ಎಂದ. ಮೈಸೂರಿನ ಮನೆಗೆ ಬೀಗ ಹಾಕಿ ಬಂದು ಸೇರಿಕೊಂಡೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕೈಗೆ ಏನಾದರೊಂದು ಕೆಲಸ ಇರದಿದ್ದರೆ ಊಟ ಸೇರುವುದಿಲ್ಲ. ಈ ಕಥೆಗೆಲ್ಲ ಮೂಲ ಆ ಅಭ್ಯಾಸವೇ.

ಮನೆಯ ಬಾಗಿಲು ತೆರೆದ ಕೂಡಲೇ ಎದುರಿಗೆ ಒಂದು ಉರುಳಿ. ಒಂದೂವರೆ ಅಡಿ ಅಗಲದ್ದು. ಅದರಲ್ಲಿ ನೀರು, ನೀರಿನ ಮೇಲೆ ಸೇವಂತಿಗೆ ದಳ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಪಾತ್ರೆಯ ಮೈಯೆಲ್ಲ ಕಪ್ಪು, ಅಂಚಿನಲ್ಲಿ ಹಸಿರು ಹಸಿರು ಕಲೆ. ಪಾಪ, ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು, ತೊಳೆಯಲು ಪುರುಸೊತ್ತು ಎಲ್ಲಿಂದ ಬರಬೇಕು ಅಂದುಕೊಂಡೆ.

ದಸರೆ ರಜೆ ಬಂತು. ನಾಲ್ಕನೇ ಕ್ಲಾಸಿನ ಮೊಮ್ಮಗಳು ಪುಟ್ಟಿ ಮನೆಯಲ್ಲೇ ಇದ್ದಳು. ಸೊಸೆ ಸಂಜೆ ಬರುವಷ್ಟರಲ್ಲಿ ಆ ಉರುಳಿಯನ್ನು ಫಳಫಳ ಅನ್ನಿಸಿಬಿಡೋಣ ಎಂದು ತಾತ ಮೊಮ್ಮಗಳು ಇಬ್ಬರೂ ನಿಶ್ಚಯ ಮಾಡಿದೆವು. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ನೆನೆಹಾಕಿ, ಒಂದು ಚಿಟಿಕೆ ಉಪ್ಪು ಸೇರಿಸಿ, ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಶುರು ಮಾಡಿದೆ.

ಹಿತ್ತಾಳೆಗೆ ಹುಣಸೆಹಣ್ಣು ತಾಗಿದರೆ ಏನಾಗುತ್ತದೆ ಎಂದು ನಿಮ್ಮ ಮನೆಯ ಅಜ್ಜಿಯರಿಗೆ ಗೊತ್ತು. ಬೆರಳು ಹೋದ ಕಡೆಯೆಲ್ಲ ಮೋಡ ಸರಿದು ಬಿಸಿಲು ಬಿದ್ದ ಹಾಗೆ ಹಳದಿ ಹೊಮ್ಮುತ್ತದೆ. ಗಾಳಿಯೊಡನೆ ಸೇರಿ ಲೋಹದ ಮೇಲೆ ಕಟ್ಟಿಕೊಂಡ ಪದರವನ್ನು ಹುಣಸೆಯ ಹುಳಿ ಕರಗಿಸುತ್ತದೆ, ಅಷ್ಟೇ. ಆದರೆ ಈ ಉರುಳಿ ಜಪ್ಪಯ್ಯ ಎನ್ನಲಿಲ್ಲ. ಹದಿನೈದು ನಿಮಿಷ ಉಜ್ಜಿದರೂ ಕಪ್ಪು ಕಪ್ಪೇ. ನನಗೆ ಹಠ ಬಂತು. ಅಡುಗೆಮನೆಯಿಂದ ಸ್ಟೀಲಿನ ಉಜ್ಜುವ ನಾರು ತರಿಸಿದೆ. ಆಗ ಕಪ್ಪು ಸಿಪ್ಪೆಸಿಪ್ಪೆಯಾಗಿ ಎದ್ದಿತು. ಅದರ ಕೆಳಗೆ ಹಳದಿ ಬಣ್ಣ. ಇನ್ನೆರಡು ಸಲ ಉಜ್ಜಿದರೆ ಹಳದಿಯೂ ಎದ್ದು ಹೋಗಿ ಕೆಳಗೆ ಬೆಳ್ಳಗೆ ಕಂಡಿತು.

"ತಾತ, ಒಳಗೆ ಬೆಳ್ಳಿ ಇದೆ!" ಎಂದು ಪುಟ್ಟಿ ಚಪ್ಪಾಳೆ ತಟ್ಟಿದಳು.

ಎತ್ತಿ ನೋಡಿದೆ. ಅಷ್ಟು ದೊಡ್ಡ ಪಾತ್ರೆ ಒಂದೇ ಕೈಯಲ್ಲಿ ಬಂತು. ಅಲ್ಯೂಮಿನಿಯಂ. ಮೊದಲೇ ಎತ್ತಿ ನೋಡಬೇಕಿತ್ತು.

ಸಂಜೆ ಸೊಸೆ ಬಂದಳು. ಚಪ್ಪಲಿ ಬಿಡುತ್ತಲೇ ಅವಳ ಕಣ್ಣು ಅಲ್ಲಿಗೆ ಹೋಯಿತು. "ಇದೇನು ಮಾವ, ಹೀಗಾಗಿದೆ?" ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ, "ತಾತ ತೊಳೆದರು, ಒಳಗೆ ಬೆಳ್ಳಿ ಸಿಕ್ಕಿತು" ಎಂದಳು. ಸೊಸೆ ಸೋಫಾದ ಮೇಲೆ ಕುಳಿತಳು. "ಅದು ಕಿಲುಬಲ್ಲ ಮಾವ. ಅದು ಆಂಟಿಕ್ ಲುಕ್ಕು. ಆ ಕಪ್ಪಿಗೇ ನಾವು ಎಂಟು ಸಾವಿರ ಕೊಟ್ಟಿದ್ದು" ಎಂದಳು. ಆಮೇಲೆ ನನ್ನ ಮುಖ ನೋಡಿ, "ಪರವಾಗಿಲ್ಲ ಬಿಡಿ" ಎಂದಳು. ಆ "ಪರವಾಗಿಲ್ಲ" ಇದೆಯಲ್ಲ, ಅದು ಬೈಗುಳಕ್ಕಿಂತ ಜೋರಾಗಿ ತಾಗುತ್ತದೆ.

ಬಿಲ್ಲು ತರಿಸಿ ಓದಿದೆ. ಅಂಗಡಿಯವರದೇನೂ ಮೋಸವಿರಲಿಲ್ಲ. 'ಆಂಟಿಕ್ ಬ್ರಾಸ್ ಫಿನಿಶ್' ಎಂದು ಸ್ಪಷ್ಟವಾಗಿ ಬರೆದಿತ್ತು. ಹಿತ್ತಾಳೆ ಎಂದು ಎಲ್ಲೂ ಬರೆದಿರಲಿಲ್ಲ, ಹಿತ್ತಾಳೆಯ ಹಾಗೆ ಎಂದು ಬರೆದಿತ್ತು. ಆ ಕೊನೆಯ ಪದವನ್ನು ಯಾರೂ ಓದುವುದಿಲ್ಲ. ಸಾಲದ ಪತ್ರಗಳಲ್ಲೂ ಹೀಗೆಯೇ ಆಗುವುದನ್ನು ಕೌಂಟರಿನ ಆಚೆಯಿಂದ ಬೇಕಾದಷ್ಟು ನೋಡಿದ್ದೇನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎಂಟು ಸಾವಿರದ ಚಿಂತೆ ಒಂದು ಕಡೆ ಇರಲಿ. ಕಿಲುಬಿಗೆ ದುಡ್ಡು ಕೊಟ್ಟರು ಎಂದು ನನ್ನ ಅಮ್ಮ ಕೇಳಿದ್ದರೆ ಏನನ್ನುತ್ತಿದ್ದಳು ಎಂಬುದೇ ತಲೆಯಲ್ಲಿ ತಿರುಗುತ್ತಿತ್ತು.

"ಕಿಲುಬು ಹಿಡಿದ ದೀಪ ಇರೋ ಮನೇಲಿ ಲಕ್ಷ್ಮಿ ನಿಲ್ಲಲ್ಲ" ಅನ್ನುತ್ತಿದ್ದವಳು ಅವಳು. ಸಾರಿಗೆ ಹಿಂಡಿದ ಹುಣಸೆಯ ಹಿಪ್ಪೆಯನ್ನು ಎಂದೂ ಎಸೆಯುತ್ತಿರಲಿಲ್ಲ. ಒಂದು ಚಿಪ್ಪಿನಲ್ಲಿ ಕೂಡಿಡುತ್ತಿದ್ದಳು. ಹಬ್ಬದ ಹಿಂದಿನ ದಿನ ಬಾವಿಕಟ್ಟೆಯ ಮೇಲೆ ಕೊಡ, ತಂಬಿಗೆ, ದೀಪದ ಕಂಬ, ಗಿಂಡಿ ಎಲ್ಲವನ್ನೂ ಸಾಲಾಗಿ ಕೂರಿಸಿ, ಹುಣಸೆ ಹಚ್ಚಿ, ಒಲೆಯ ಬೂದಿ, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಅವಳ ಬೆರಳ ತುದಿಗಳು ಹುಳಿಗೆ ಒಡೆದು ಗೆರೆಗೆರೆಯಾಗಿದ್ದವು.

ವರ್ಷಕ್ಕೊಮ್ಮೆ ಕಲಾಯಿಯವನು ಬರುತ್ತಿದ್ದ. ಮಕ್ಕಳೇ, ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ತಾಮ್ರ ಅದರಲ್ಲಿ ಬಿಡುತ್ತದೆ. ಸಾರು ಕಹಿಯಾಗುತ್ತದೆ, ತಿಂದವರ ಹೊಟ್ಟೆ ಕೆಡುತ್ತದೆ. ಆದ್ದರಿಂದ ಅಡುಗೆ ಪಾತ್ರೆಯ ಒಳಗೆ ತವರದ ತೆಳು ಲೇಪ ಕೊಡಿಸಬೇಕು. ಅವನು ನಮ್ಮ ಬೀದಿಯ ಕೊನೆಯಲ್ಲಿ ನೆಲ ಅಗೆದು ಕೆಂಡ ಹಾಕಿ, ತಿದಿ ಒತ್ತಿ, ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚುತ್ತಿದ್ದ. ಬುಸ್ಸೆಂದು ಬಿಳಿ ಹೊಗೆ. ಒಂದು ತುಣುಕು ತವರ ಮುಟ್ಟಿಸಿ ಹತ್ತಿಯ ಉಂಡೆಯಿಂದ ಸರ್ರನೆ ಒರೆಸಿದರೆ ಕಪ್ಪು ಪಾತ್ರೆಯ ಒಳಗೆ ಚಂದ್ರ ಹುಟ್ಟಿದ ಹಾಗಿರುತ್ತಿತ್ತು. ನಾವು ಹುಡುಗರು ಮೂಗು ಮುಚ್ಚಿಕೊಂಡು ಸುತ್ತ ಕೂರುತ್ತಿದ್ದೆವು, ಎದ್ದು ಮಾತ್ರ ಹೋಗುತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಪುಟ್ಟಿಗೆ ಒಂದು ಪಾಠ ಮಾಡಿದೆ. ಅವಳು ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತಂದು ಉರುಳಿಗೆ ಹಚ್ಚಿ, "ಅಂಟ್ತಾ ಇಲ್ಲ ತಾತ, ಕಬ್ಬಿಣ ಅಲ್ಲ, ಹಾಗಾದ್ರೆ ಹಿತ್ತಾಳೇನೇ" ಎಂದು ವಾದಿಸಿದಳು. ಅಯಸ್ಕಾಂತ ಕಬ್ಬಿಣವನ್ನು ಹಿಡಿದುಕೊಡುತ್ತದೆ, ಸರಿ. ಆದರೆ ತಾಮ್ರ, ಹಿತ್ತಾಳೆ, ಕಂಚು, ಅಲ್ಯೂಮಿನಿಯಂ ಯಾವುದಕ್ಕೂ ಅದು ಅಂಟುವುದಿಲ್ಲ. ಅಲ್ಲಿ ತೂಕವೇ ಸಾಕ್ಷಿ. ಒಂದೇ ಅಳತೆಯ ಎರಡು ಪಾತ್ರೆ ಇದ್ದರೆ ಹಿತ್ತಾಳೆಯದು ಅಲ್ಯೂಮಿನಿಯಂಗಿಂತ ಸುಮಾರು 3 ಪಟ್ಟು ಭಾರ. ಕೈಗೆ ಎತ್ತಿದರೆ ಸಾಕು, ಸುಳ್ಳು ಹೇಳಲಾರದು.

ಕಪ್ಪು ಹೇಗೆ ಬರುತ್ತದೆ ಎಂದು ತೋರಿಸಲು ಇನ್ನೊಂದು ಆಟ ಮಾಡಿದೆವು. ಎಲೆಕ್ಟ್ರಿಷಿಯನ್ ಬಿಟ್ಟುಹೋಗಿದ್ದ ತಾಮ್ರದ ತಂತಿಯ ತುಂಡು ಇತ್ತು. ಅದನ್ನು ಉಜ್ಜಿ ಹೊಳೆಯುವಂತೆ ಮಾಡಿದೆ. ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಬಿಸಿಯಿದ್ದಾಗಲೇ ಪುಡಿ ಮಾಡಿ ಡಬ್ಬಿಗೆ ಹಾಕಿ, ಮೊಟ್ಟೆಗೆ ತಾಗದಂತೆ ತಂತಿಯನ್ನೂ ಇಟ್ಟು ಮುಚ್ಚಳ ಬಿಗಿ ಮಾಡಬೇಕು. ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ. ಆದ್ದರಿಂದ ಪ್ರಯೋಗಶಾಲೆ ಎಂಟನೇ ಮಹಡಿಯಲ್ಲಿ ಪುಟ್ಟಿಯ ಸ್ನೇಹಿತೆಯ ಮನೆಯಲ್ಲಿ. ಮಾರನೆಯ ದಿನ ತಂತಿ ಕಂದು ಕಪ್ಪಾಗಿತ್ತು. ಬೆಂದ ಮೊಟ್ಟೆಯಿಂದ ಹೊರಟ ಗಂಧಕದ ಅಂಶ ತಾಮ್ರವನ್ನು ಹಿಡಿಯುತ್ತದೆ. ಬೆಳ್ಳಿ ಕಾಲುಚೈನು ಕಪ್ಪಾಗುವುದೂ ಇದೇ ಗಂಧಕದ ಕೆಲಸ. ಡಬ್ಬಿಯ ವಾಸನೆಗೆ ಸ್ನೇಹಿತೆಯ ತಾಯಿ ಏನೆಂದರೋ ನನಗೆ ಹೇಳಲಿಲ್ಲ. ಪುಟ್ಟಿಯೂ ಹೇಳಲಿಲ್ಲ.

ಮುಂದಿನ ಭಾನುವಾರ ಸೊಸೆಗೆ ಹೇಳಿದೆ: "ಕೆಡಿಸಿದವನು ನಾನು. ಬೇರೆಯದನ್ನು ಕೊಡಿಸುವವನೂ ನಾನೇ. ಆದರೆ ಬಣ್ಣ ಬಳಿದದ್ದು ಬೇಡಮ್ಮ. ತಾನಾಗಿ ಮುದಿಯಾಗುವಂಥದ್ದು ತರೋಣ." ಅವಳು ನಕ್ಕಳು. ಪೇಟೆಯ ಹಳೇ ಪಾತ್ರೆಗಳ ಬೀದಿಗೆ ಮೂವರೂ ಹೋದೆವು.

ಅಂಗಡಿಯೊಳಗೆ ಮೊದಲು ಕಂಡದ್ದು ಹೊಚ್ಚ ಹೊಸ ಹಿತ್ತಾಳೆ ಸಾಮಾನು. ಕನ್ನಡಿಯಂಥ ಹೊಳಪು. "ಇದು ಕಪ್ಪಾಗೋದೇ ಇಲ್ಲ, ಮೇಲೆ ಲ್ಯಾಕರ್ ಹೊಡೆದಿದೆ" ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳಿದರು. ಲ್ಯಾಕರ್ ಎಂದರೆ ಗಾಳಿ ತಾಗದಂತೆ ಕೊಡುವ ಪಾರದರ್ಶಕ ಲೇಪ. ಅಂಥದ್ದಕ್ಕೆ ವಯಸ್ಸಾಗುವುದಿಲ್ಲ. ಬೇಡ ಎಂದೆವು. ಲೇಪವಿಲ್ಲದ ಹಿತ್ತಾಳೆಯಾದರೆ, ಅದು ತಾಮ್ರಕ್ಕೆ ಸತು ಸೇರಿಸಿದ್ದು, ಬಿಟ್ಟುಬಿಟ್ಟರೆ ಮೆಲ್ಲಗೆ ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತದೆ. ತಾಮ್ರಕ್ಕೆ ತವರ ಸೇರಿಸಿದರೆ ಕಂಚು. ದೇವಸ್ಥಾನದ ಗಂಟೆ, ಭಜನೆಯ ತಾಳ ಅದರಲ್ಲೇ ಆಗುವುದು. ಬೆರಳಿನಿಂದ ತಟ್ಟಿದರೆ ಎಷ್ಟೋ ಹೊತ್ತು ದನಿ ನಿಲ್ಲುತ್ತದೆ. ಆದರೆ ಗಂಟೆಯ ಕಂಚು ಬಿರುಸು, ಎತ್ತರದಿಂದ ಬಿದ್ದರೆ ಹಿತ್ತಾಳೆಯಂತೆ ನಗ್ಗದೆ ಬಿರುಕು ಬಿಡುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೆನಪಿರಲಿ. ಕಬ್ಬಿಣದ ವಿಷಯ ಬೇರೆ. ಅದರ ತುಕ್ಕು ಹೊದಿಕೆಯಾಗಿ ಕೂರುವುದಿಲ್ಲ, ಪದರ ಪದರವಾಗಿ ಉದುರಿ ಲೋಹವನ್ನೇ ತಿನ್ನುತ್ತದೆ. ಎಣ್ಣೆ ಕುಡಿದು ಕುಡಿದು ಕಪ್ಪಾದ ದೋಸೆ ಕಾವಲಿ ಮಾತ್ರ ಇದಕ್ಕೆ ಹೊರತು. ನನ್ನನ್ನು ಕೇಳಿದರೆ ಮನೆಯ ನಿಜವಾದ ಆಂಟಿಕ್ ಅದೇ. ಹಾಲಿನಲ್ಲಿ ಇಡಲು ಸೊಸೆ ಒಪ್ಪಲಿಲ್ಲ.

ತಾಮ್ರ ಹೊಸದರಲ್ಲಿ ಗುಲಾಬಿ, ಆಮೇಲೆ ಕಂದು, ಮಳೆಗಾಳಿಗೆ ಬಿಟ್ಟರೆ ಎಷ್ಟೋ ವರ್ಷಕ್ಕೆ ಹಸಿರು. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಹೊರಮೈ ತಾಮ್ರದ ತಗಡಿನದು. 1886ರಲ್ಲಿ ಅನಾವರಣವಾದಾಗ ಅದು ಹಸಿರಿರಲಿಲ್ಲ, ತಾಮ್ರದ ಬಣ್ಣವೇ ಇತ್ತು. ಹಸಿರು ಏರತೊಡಗಿದಾಗ ಬಣ್ಣ ಬಳಿಸುವ ಮಾತು ಬಂತು, ಜನ ಬೇಡವೆಂದು ಗಲಾಟೆ ಮಾಡಿದರು. ಆ ಹಸಿರು ಪದರವೇ ಒಳಗಿನ ತಾಮ್ರವನ್ನು ಈಗಲೂ ಕಾಯುತ್ತಿದೆ.

ಕೈಯಿಂದ ಮಾಡಿದ ಕಪ್ಪೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. 1982ರಲ್ಲಿ ನನಗೆ ಬೀದರಿಗೆ ವರ್ಗವಾಗಿತ್ತು. ಅಲ್ಲಿ ಬಿದರಿ ಕೆಲಸ ನೋಡಿದ್ದೇನೆ. ಸತುವೇ ಹೆಚ್ಚಾಗಿ, ತುಸು ತಾಮ್ರ ಸೇರಿದ ಲೋಹದಲ್ಲಿ ಹೂಜಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಗೆರೆಗಳಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಅಲ್ಲಿಯವರೆಗೆ ಬೆಳ್ಳಿಯೂ ಸತುವೂ ಒಂದೇ ಬೂದು ಬಣ್ಣ, ಚಿತ್ತಾರ ಕಣ್ಣಿಗೇ ಬೀಳುವುದಿಲ್ಲ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಸತು ಅಚ್ಚಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕತ್ತಲಲ್ಲಿ ಮಿಂಚು ನಿಂತ ಹಾಗೆ. ಆ ಕಪ್ಪು ಮೇಲೆ ಬಳಿದದ್ದಲ್ಲ, ಲೋಹವೇ ಕಪ್ಪಾದದ್ದು. ಸೊಸೆಗೆ ಅದು ಬಹಳ ಹಿಡಿಸಿತು. ಆದರೆ ಬಾಗಿಲ ಬಳಿ ಇಡುವ ಗಾತ್ರದ್ದಕ್ಕೆ ನನ್ನ ಪಿಂಚಣಿ ಸಾಲುತ್ತಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಜನ ತಂದು ಹಾಕಿದ ಹಳೇ ಪಾತ್ರೆಗಳ ರಾಶಿ ಇತ್ತು. ಅಲ್ಲಿ ಆರಿಸುವಾಗ ನನಗೆ ನಮ್ಮ ಶಾಖೆಯ ಚಿನಿವಾರರ ನೆನಪಾಯಿತು. ಚಿನ್ನದ ಮೇಲೆ ಸಾಲ ಕೊಡುವ ದಿನ ಬಂದು ಒರೆಗಲ್ಲಿನ ಮೇಲೆ ಉಜ್ಜಿ ಬೆಲೆ ಕಟ್ಟುತ್ತಿದ್ದವರು. ಒಡವೆಯನ್ನು ಕೈಗೆ ಕೊಟ್ಟ ಕೂಡಲೇ ತಿರುಗಿಸಿ ಹಿಂಬದಿ ನೋಡುತ್ತಿದ್ದರು. "ಬೆನ್ನು ನೋಡಬೇಕು ಸ್ವಾಮಿ. ಮುಖ ಎಲ್ಲರೂ ತೊಳೆದುಕೊಂಡೇ ಬರ್ತಾರೆ" ಅನ್ನುತ್ತಿದ್ದರು.

ಹಳೇ ಪಾತ್ರೆಗೂ ಅದೇ ಲೆಕ್ಕ. ಕಾರ್ಖಾನೆಯಲ್ಲಿ ಬಳಿದ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಮನೆಯಲ್ಲಿ ಬಾಳಿದ ಪಾತ್ರೆಗೆ ಹಾಗಿಲ್ಲ. ಕೈ ಹೋಗದ ಸಂದಿಯಲ್ಲಿ ಮಾತ್ರ ಕಪ್ಪು, ಹಿಡಿಯುವ ಕಡೆ ನುಣುಪು ಹೊಳಪು. ತಳ ನೆಲಕ್ಕೆ ಉಜ್ಜಿ ಸವೆದಿರುತ್ತದೆ. ಎಲ್ಲೋ ಒಂದು ನಗ್ಗು, ಎಲ್ಲೋ ಒಂದು ಬೆಸುಗೆ. ಇದನ್ನೆಲ್ಲ ಸೊಸೆಗೆ ವಿವರಿಸುತ್ತ ನಾನು ಒಂದೊಂದೇ ತಾಮ್ರದ ಹಂಡೆಯನ್ನು ತಿರುಗಿಸಿ ಕುತ್ತಿಗೆಯ ಕೆಳಗೆ ಬೆರಳಾಡಿಸುತ್ತಿದ್ದೆ. ನಾಲ್ಕು ಹಂಡೆ ಆದವು, ಐದಾದವು.

"ಏನು ಹುಡುಕ್ತಿದ್ದೀರಿ ಮಾವ?" ಎಂದಳು ಸೊಸೆ.

ಮೂವತ್ತು ವರ್ಷಕ್ಕೂ ಮೇಲಾಗಿತ್ತು, ಯಾರಿಗೂ ಹೇಳಿರಲಿಲ್ಲ. ಅಲ್ಲೇ ಒಂದು ಸ್ಟೂಲಿನ ಮೇಲೆ ಕುಳಿತು ಹೇಳಿದೆ.

ನಮ್ಮ ಮನೆಯಲ್ಲೂ ತಾಮ್ರದ ಹಂಡೆ ಇತ್ತು, ಅಮ್ಮ ತವರಿನಿಂದ ತಂದದ್ದು. ಬಚ್ಚಲ ಒಲೆಯ ಮೇಲೆ ಕುಳಿತು ಅದರ ಹೊಟ್ಟೆಯೆಲ್ಲ ಮಸಿ. ಕುತ್ತಿಗೆ, ಹೆಗಲು ಮಾತ್ರ ಅವಳು ಉಜ್ಜಿ ಉಜ್ಜಿ ಗುಲಾಬಿ ಬಣ್ಣ. ಮದುವೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ಅವಳ ಹೆಸರು ಹುಣಸೆಹಣ್ಣಿಗೆ ಸವೆದೂ ಸವೆದೂ 'ಸೌ' ಎಂಬ ಒಂದಕ್ಷರ ಉಳಿದಿತ್ತು. 1988ರಲ್ಲಿ ವರ್ಗವಾಗಿ ಮೈಸೂರಿಗೆ ಬಂದಾಗ ಬಚ್ಚಲಿಗೆ ಗೀಜರ್ ಹಾಕಿಸಿದೆ. ಹಂಡೆಗೆ ಜಾಗವಿಲ್ಲ ಎಂದು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಹೋಗಿ ಮಾರಿದೆ. 9 ಕೆ.ಜಿ. 400 ಗ್ರಾಂ ತೂಗಿತು. ಅಂಗಡಿಯವನು ದುಡ್ಡು ಎಣಿಸಿ ಕೊಟ್ಟು, ಚೀಲದಲ್ಲಿ ಜಾಗ ಹಿಡಿಯದಿರಲಿ ಎಂದು ನಾನು ನೋಡುತ್ತಿದ್ದಂತೆಯೇ ಸುತ್ತಿಗೆಯಿಂದ ಬಡಿದು ಅದನ್ನು ಚಪ್ಪಟೆ ಮಾಡಿದ. ಅಮ್ಮ ಬೈಯಲಿಲ್ಲ. "ನೀರು ತುಂಬೋ ಹಬ್ಬಕ್ಕೆ ಏನು ಮಾಡ್ತೀಯೋ?" ಎಂದಳು ಅಷ್ಟೆ. ಬಕೆಟ್ ಇದೆಯಲ್ಲ ಎಂದೆ. ಆ ದೀಪಾವಳಿಗೆ ಅವಳು ನೀಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಬಳ್ಳಿ ಸುತ್ತಿ, ಅರಿಶಿನ ಕುಂಕುಮ ಹಚ್ಚಿದಳು. ಪಟ್ಟೆ ಪ್ಲಾಸ್ಟಿಕ್ಕಿಗೆ ಹಿಡಿಯದೆ ಜಾರಿ ಜಾರಿ ಇಳಿಯಿತು. ಮತ್ತೆ ಹಚ್ಚಿದಳು.

"ಚಪ್ಪಟೆ ಆದದ್ದು ಇಲ್ಲಿ ಹೇಗೆ ಸಿಗುತ್ತೆ ಮಾವ?" ಎಂದಳು ಸೊಸೆ, ಮೆಲ್ಲಗೆ.

"ಸಿಗಲ್ಲ. ಗೊತ್ತಮ್ಮ" ಎಂದೆ.

ಅವಳು ಏನೂ ಅನ್ನದೆ ಆರನೆಯ ಹಂಡೆಯನ್ನು ಎಳೆದು ನನ್ನ ಮುಂದಿಟ್ಟಳು. ಚಿಕ್ಕದು, ಹೊಟ್ಟೆ ಕಪ್ಪು, ಒಂದು ಕಡೆ ನಗ್ಗು, ಒಳಗೆ ಕಾದ ನೀರಿನ ಸುಣ್ಣದ ಪದರ. ಕುತ್ತಿಗೆಯ ಕೆಳಗೆ ಸವೆದ ಅಕ್ಷರಗಳು, ಯಾರದೋ ಹೆಸರು, ಅದರ ಪಕ್ಕ 1961. ತೂಕದ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದೆವು.

ಈಗ ಅದು ಉರುಳಿ ಇದ್ದ ಜಾಗದಲ್ಲಿದೆ. ಉಜ್ಜಬೇಕೋ ಬೇಡವೋ ಎಂದು ಮನೆಯಲ್ಲಿ ಎರಡು ಪಕ್ಷವಾಗಿತ್ತು. ಕುತ್ತಿಗೆ ನನ್ನದು, ಹೊಟ್ಟೆ ಅವಳದು ಎಂದು ರಾಜಿಯಾಯಿತು. ಉರುಳಿಯನ್ನು ಪುಟ್ಟಿ ಬಾಲ್ಕನಿಯಲ್ಲಿಟ್ಟು ಗುಬ್ಬಿಗಳಿಗೆ ನೀರು ಹಾಕುತ್ತಾಳೆ. ಬರುವುದೆಲ್ಲ ಪಾರಿವಾಳ.

ನೀರು ತುಂಬುವ ಹಬ್ಬದ ಸಂಜೆ ನಾನು ಕುತ್ತಿಗೆಗೆ ಹುಣಸೆ ಹಚ್ಚಿ ಉಜ್ಜಿದೆ. ಈ ಸಲ ಬೆರಳು ಹೋದ ಕಡೆಯೆಲ್ಲ ಬಣ್ಣ ಹೊಮ್ಮಿತು. ಸೊಸೆ ಸುಣ್ಣ ಕಲಸಿಕೊಟ್ಟಳು. ಪುಟ್ಟಿ ಪಟ್ಟೆ ಎಳೆಯುತ್ತ ಅಕ್ಷರಗಳ ಹತ್ತಿರ ಬಂದು ನಿಂತಳು.

"ತಾತ, ಈ ಹೆಸರಿನವರು ಬಂದು ಕೇಳಿದ್ರೆ ವಾಪಸ್ ಕೊಡ್ಬೇಕಾ?"

"ಕೊಡೋಣ. ಆದರೆ ಖಾಲಿ ಕೊಡಬಾರದು."

ಅವಳು ಚೆಂಬು ತಂದು ನೀರು ತುಂಬತೊಡಗಿದಳು. ಎಷ್ಟು ಚೆಂಬು ಹಿಡಿಯುತ್ತದೆ ಎಂದು ಎಣಿಸುತ್ತಿದ್ದವಳು ಮೂವತ್ತೊಂದರಲ್ಲಿ ಲೆಕ್ಕ ತಪ್ಪಿದಳು. ಮೂವತ್ತೆರಡು ಎಂದು ನಾನು ಹೇಳಿಕೊಟ್ಟೆ.